ಬೆನ್ನಹೊರೆಯ ವಿಚಾರ

೧. ಪ್ರಸ್ತಾವನೆ

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಭಾರವಾಹಿಯ ಪ್ರಸಕ್ತಿ ಬಂದರೆ ಅದು ಸಾಮಾನ್ಯವಾಗಿ ಅವನ ಗೌರವಕ್ಕಾಗಿ ಬಂದುದಲ್ಲ. ಅರ್ಥವನ್ನರಿಯದೆ ವೇದವನ್ನೋದಿದವನನ್ನು ಭಾರ ಹೊತ್ತ ಮೋಟುಮರಕ್ಕೆ ಹೋಲಿಸುವ ವಚನವು ಯಾಸ್ಕನ ನಿರುಕ್ತದ ಮೊದಲನೆಯ ಅಧ್ಯಾಯದಲ್ಲಿದೆ. ಬಹುಶಾಸ್ತ್ರಗಳನ್ನೋದಿಯೂ ತಾತ್ಪರ್ಯವನ್ನು ತಿಳಿಯದವನನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನವು ಶ್ರೀಗಂಧವನ್ನು ಹೊತ್ತ ಕತ್ತೆಗೆ ಹೋಲಿಸುತ್ತದೆ. ಅದಕ್ಕೆ ತಿಳಿದಿರುವುದು ಭಾರವೇ ಹೊರತು ಗಂಧವಲ್ಲವೆಂಬುದು ಅಲ್ಲಿಯ ಅಭಿಪ್ರಾಯ. ಪಾಠಶಾಲೆಯಲ್ಲಿ ಇದನ್ನೋದಿದಾಗ ನಾವೆಲ್ಲರೂ ಕತ್ತೆಯನ್ನು ನೋಡಿ ನಕ್ಕು ಮುಂದಿನ ವಾಕ್ಯಕ್ಕೆ ಹೋದವರೇ. ಆದರೆ ಆ ದೃಷ್ಟಾಂತದಲ್ಲಿಯೇ ಒಂದು ಅಂಗೀಕಾರ ಅಡಗಿರುವುದನ್ನು ನಾವು ಗಮನಿಸಲಿಲ್ಲ. ಗಂಧವನ್ನರಿಯದಿದ್ದರೂ ಭಾರವನ್ನು ಅದು ಬಲ್ಲುದು. ಹಾಗಾದರೆ ಭಾರವನ್ನು ಬಲ್ಲುದೆಂದರೆ ಏನು? ಆ ಜ್ಞಾನದ ಸ್ವರೂಪವಾವುದು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಗುರುತ್ವವೆಂಬುದು ದ್ರವ್ಯದಲ್ಲಿರುವ ಗುಣವೆಂದೂ ವಸ್ತುವಿನ ಮೊದಲ ಪತನಕ್ಕೆ ಅದು ಅಸಮವಾಯಿಕಾರಣವೆಂದೂ ತಾರ್ಕಿಕರು ಹೇಳುತ್ತಾರೆ. ತಕ್ಕಡಿಯು ತೂಗತಕ್ಕುದು ಈ ಗುರುತ್ವವನ್ನೇ. ಶ್ರಮವಾದರೋ ಹೊರುವವನಲ್ಲಿರತಕ್ಕುದು. ಒಂದೇ ತೂಕದ ಗಂಟನ್ನು ಹಗ್ಗದಿಂದ ಒಂದು ಹೆಗಲಿಗೆ ತೂಗುಹಾಕಿಕೊಂಡವನು ಒಂದು ಹರಿದಾರಿಯೊಳಗೆ ಬಳಲಿ ಕುಳಿತುಕೊಳ್ಳುತ್ತಾನೆ. ಅದನ್ನೇ ಬೆನ್ನಿಗೆ ಒಪ್ಪುವಂತೆ ಕಟ್ಟಿಕೊಂಡವನು ಸಂಜೆಯವರೆಗೆ ನಡೆಯುತ್ತಾನೆ. ಗುರುತ್ವವು ಎರಡೆಡೆಯಲ್ಲಿಯೂ ಸಮಾನ, ಶ್ರಮ ಸಮಾನವಲ್ಲ. ಈ ಭೇದಕ್ಕೆ ಕಾರಣ, ಹೊರೆಯು ಮೈಯಲ್ಲಿ ಎಲ್ಲಿ ನೆಲೆಗೊಳ್ಳುತ್ತದೆಂಬುದು. ಇದನ್ನು ಕಂಡುಹಿಡಿದವರು ತಕ್ಕಡಿ ಹಿಡಿದವರಲ್ಲ, ಬಹುಮಟ್ಟಿಗೆ ಹೊತ್ತವರೇ ಎಂಬುದನ್ನು ಬೆನ್ನುಚೀಲದ ಇತಿಹಾಸದಿಂದ ತೋರಿಸಬಹುದೆಂದು ನಮ್ಮ ಅಭಿಪ್ರಾಯ. ಬೆಟ್ಟದ ಪಯಣಿಗರು ಈಗ ಬಳಸುವ ಹಗುರವಾದ ಚೀಲವು ಬೆಳೆದು ಬಂದುದು ಯುರೋಪು ಅಮೆರಿಕಗಳಲ್ಲಿಯಾದುದರಿಂದ ಮುಖ್ಯವಾಗಿ ಅಲ್ಲಿಯ ವೃತ್ತಾಂತವನ್ನೇ ಅನುಸರಿಸಿದ್ದೇವೆ.

೨. ಶಬ್ದವಿಚಾರ

ಮೊದಲು ನಮ್ಮ ಮಾತುಗಳನ್ನು ನೋಡೋಣ. ಹಳಗನ್ನಡದಲ್ಲಿ ಪೊಱು ಎಂಬುದು ಧಾತು, ಪೊಱೆ ಎಂಬುದು ಅದರಿಂದಾದ ನಾಮ. ರಕ್ಷಿಸು ಎಂಬರ್ಥದ ಪೊರೆ ಶಬ್ದದಲ್ಲಿರುವುದು ರೇಫ. ಭಾರವೆಂಬರ್ಥದ ಪೊಱೆಯಲ್ಲಿರುವುದು ಶಕಟರೇಫ. ಱಕಾರವು ಬಳಕೆಯಿಂದ ತಪ್ಪಿದ ಮೇಲೆ ಈ ಎರಡರ ಭೇದವು ಬರಹದಲ್ಲಿ ಮರೆಯಾಯಿತು. ಹೊರೆ ಎಂಬುದು ಹೊರುವವನ ಕಡೆಯಿಂದ ಹುಟ್ಟಿದ ಮಾತು. ಇದಕ್ಕೆ ಎದುರಾಗಿ ಹೇರು ಎಂಬ ಇನ್ನೊಂದು ಮಾತುಂಟು. ಅದು ಹೇರುವವನ ಕಡೆಯಿಂದ ಹುಟ್ಟಿದುದು. ಶಾಸನಗಳಲ್ಲಿ ಸುಂಕವನ್ನು ಹೇರಿನ ಲೆಕ್ಕದಲ್ಲಿ ಹೇಳಿರುವುದು ವಾಚಕರಿಗೆ ತಿಳಿದೇ ಇದೆ. ಅಲ್ಲಿ ಹೇರೆಂದರೆ ಎತ್ತು ಕತ್ತೆ ಮೊದಲಾದುವುಗಳ ಮೇಲೆ ಏರಿಸಿದ ಸರಕು. ಹೀಗೆ ಒಂದೇ ತೂಕವು ಹೊತ್ತವನಿಗೆ ಹೊರೆ, ಹೊರಿಸಿದವನಿಗೆ ಹೇರು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದು ಉಪಯೋಗಕ್ಕೆ ಬರುತ್ತದೆ.

ಅಮರಕೋಶದ ಶೂದ್ರವರ್ಗದಲ್ಲಿ ಭಾರವಾಹ, ಭಾರಿಕ, ವೈವಧಿಕ ಎಂದು ಹೊರುವವರ ಹೆಸರುಗಳೂ, ಭಾರಯಷ್ಟಿ, ಶಿಕ್ಯ, ಕಾಚ ಎಂದು ಅವರ ಉಪಕರಣಗಳ ಹೆಸರುಗಳೂ ಬರುತ್ತವೆ. ಭಾರಯಷ್ಟಿಯೇ ನಮ್ಮ ಅಡ್ಡೆ ಅಥವಾ ಕಾವಡಿಯ ಕೋಲು. ಶಿಕ್ಯವು ಅದರಿಂದ ತೂಗುವ ನೆಲವು. ತಲೆಯ ಮೇಲೆ ಹೊರುವವರಿಗೆ ಸಿಂಬೆಯುಂಟು. ಇವೆಲ್ಲವೂ ತೂಕವನ್ನು ಕಡಮೆಮಾಡುವ ಉಪಕರಣಗಳಲ್ಲ. ತೂಕಕ್ಕೆ ಇನ್ನಷ್ಟು ತೂಕವನ್ನೇ ಸೇರಿಸತಕ್ಕುವು. ಆದರೂ ಇವಿಲ್ಲದೆ ಯಾರೂ ಹೊರಲಿಲ್ಲ. ಹೊರೆಯ ನೆಲೆಯನ್ನು ಸರಿಪಡಿಸುವುದಕ್ಕಾಗಿ ಸ್ವಲ್ಪ ಹೆಚ್ಚು ಭಾರವನ್ನು ಹೊರುವುದು ಲಾಭವೇ ಎಂಬ ನ್ಯಾಯವು ಇಲ್ಲಿಯೇ ಸಿದ್ಧವಾಗಿದೆ. ಅಡ್ಡೆಯ ವಿಷಯದಲ್ಲಿ ಒಂದು ಪರೀಕ್ಷೆಯೂ ನಡೆದಿದೆ. ಅಮೆರಿಕದ ಕ್ರಾಮ್ ಎಂಬ ವಿದ್ವಾಂಸನು ೧೯೯೧ರಲ್ಲಿ ಬಳುಕುವ ಕೋಲುಗಳಿಂದ ಹೊರೆಯನ್ನು ತೂಗಿಸಿ ಓಡಿಸಿ ನೋಡಿದನು. ವ್ಯಯವಾಗುವ ಶಕ್ತಿ ಕಡಮೆಯಾಗಲಿಲ್ಲ. ಹೆಗಲಿಗೆ ತಗಲುವ ಹೊಡೆತ ಮಾತ್ರ ಬಹಳ ಕಡಮೆಯಾಯಿತು. ಅಡ್ಡೆಗೆ ಬಿದಿರನ್ನೇ ಆರಿಸಿಕೊಂಡ ಹಿರಿಯರಿಗೆ ಇದು ತಿಳಿಯದ ಸಂಗತಿಯೆಂದು ಹೇಳಲಾಗದು.

೩. ಪ್ರಾಚೀನ ನಿದರ್ಶನಗಳು

೧೯೯೧ರ ಸೆಪ್ಟೆಂಬರಿನಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ, ಇಟಲಿ ಆಸ್ಟ್ರಿಯಗಳ ಗಡಿಯ ಬಳಿ, ಸುಮಾರು ೫,೩೦೦ ವರ್ಷಗಳ ಹಿಂದಿನ ಮನುಷ್ಯನೊಬ್ಬನ ದೇಹ ದೊರೆಯಿತು. ಅವನ ಸಾಮಗ್ರಿಗಳಲ್ಲಿ ಲಾಳದಂತೆ ಬಾಗಿಸಿದ ಹೇಜಲ್ ಮರದ ಒಂದು ಉದ್ದನೆಯ ಕೋಲೂ ಲಾರ್ಚ್ ಮರದ ಅಡ್ಡಪಟ್ಟಿಗಳೂ ಇದ್ದುವು. ಇದು ಬೆನ್ನುಹೊರೆಯ ಚೌಕಟ್ಟೆಂಬುದು ಬಹುಜನರ ಮತ. ಹಿಮದಲ್ಲಿ ನಡೆಯುವ ಪಾದುಕೆಯ ಭಾಗವೆಂದು ಹೇಳಿದವರೂ ಉಂಟು. ಮೊದಲನೆಯ ಪಕ್ಷವನ್ನೇ ಹಿಡಿದರೆ, ಚೀಲವನ್ನು ನೇರವಾಗಿ ಬೆನ್ನಿಗೆ ತಗಲಿಸದೆ ನಡುವೆ ಒಂದು ಗಟ್ಟಿಯಾದ ಆಧಾರವನ್ನಿಡುವ ಉಪಾಯವು ಬಹು ಪ್ರಾಚೀನವಾದುದೆಂದಾಯಿತು.

ರೋಮಿನ ಸೈನಿಕರದು ಇನ್ನೊಂದು ಕ್ರಮ. ಸೇನಾನಿ ಮಾರಿಯಸನು ಸೈನ್ಯದ ಹಿಂದೆ ಬರುವ ಸಾಮಾನಿನ ಸಾಲನ್ನು ಕುಗ್ಗಿಸುವುದಕ್ಕಾಗಿ ಸೈನಿಕರ ಸಾಮಗ್ರಿಯನ್ನು ಅವರಿಂದಲೇ ಕವಲುಕೋಲಿಗೆ ಕಟ್ಟಿ ಹೊರಿಸಿದನೆಂದು ಫ್ರಾಂಟಿನಸನು ಹೇಳುತ್ತಾನೆ. ಅಂಥವರಿಗೆ ಮಾರಿಯಸನ ಹೇಸರಗತ್ತೆಗಳೆಂದು ಹೆಸರಾಯಿತು. ರೋಮಿನ ಟ್ರಾಜನ ಸ್ತಂಭದ ಶಿಲ್ಪಗಳಲ್ಲಿ ಹೀಗೆ ಕೋಲನ್ನು ಹೆಗಲಿಗೇರಿಸಿ ನಡೆಯುವ ಸೈನಿಕರನ್ನು ಈಗಲೂ ನೋಡಬಹುದು. ಹೊಸ ಸೈನಿಕರಿಗೆ ೬೦ ರೋಮನ್ ಪೌಂಡುಗಳವರೆಗೆ, ಎಂದರೆ ಸುಮಾರು ೨೦ ಕಿಲೋಗ್ರಾಮುಗಳನ್ನು, ಹೊತ್ತು ನಡೆಯುವ ಅಭ್ಯಾಸ ಮಾಡಿಸಬೇಕೆಂದು ವೆಜೀಷಿಯಸನು ವಿಧಿಸುತ್ತಾನೆ. ಇಲ್ಲಿ ನಾವು ಕಾಣುವುದು ಹೇರುವವನ ಲೆಕ್ಕ. ಎಷ್ಟು ತೂಕವೆಂಬುದು ಗ್ರಂಥದಲ್ಲಿ ಬಂದಿತು. ಆ ತೂಕವು ಹೆಗಲಿನ ಯಾವ ಎಡೆಯನ್ನು ನೋಯಿಸಿತೆಂಬುದು ಬರಲಿಲ್ಲ.

೪. ಹೆಗಲಿನಿಂದ ಟೊಂಕಕ್ಕೆ

ಆ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ಹತ್ತೊಂಬತ್ತನೆಯ ಶತಮಾನದ ಸೈನ್ಯವೈದ್ಯರು ಮುಖ್ಯರು. ಬ್ರಿಟಿಷ್ ಸೈನಿಕನ ಚೀಲದ ಪಟ್ಟಿಗಳು ಎದೆಯನ್ನೂ ಕಂಕುಳನ್ನೂ ಬಿಗಿದು ಉಸಿರಿಗೂ ಹೃದಯಕ್ಕೂ ಬಾಧಕವಾಗುತ್ತಿದ್ದುವೆಂದು ಅವರು ಆಕ್ಷೇಪಿಸಿದರು. ನೆಟ್ಲಿಯ ಸೈನ್ಯವೈದ್ಯಶಾಲೆಯ ಪ್ರಾಧ್ಯಾಪಕ ಎಡ್ಮಂಡ್ ಪಾರ್ಕ್ಸ್ ಈ ವಿಚಾರದಲ್ಲಿ ಮುಂದಾಳು. ೧೮೭೧ರಲ್ಲಿ ಅಂಗೀಕೃತವಾದ ಹೊಸ ಸಜ್ಜಿನಲ್ಲಿ ಚೀಲವು ಹೆಗಲಿನಿಂದ ಕೆಳಗಿಳಿದು ನಡುವಿನ ಹತ್ತಿರಕ್ಕೆ ಬಂದಿತು. ಅಮೆರಿಕದ ಸೇನಾಧಿಕಾರಿ ಹೆನ್ರಿ ಮೆರಿಯಮ್ ಎಂಬವನು ೧೮೭೮ರಲ್ಲಿ ಹಕ್ಕುಪತ್ರ ಪಡೆದ ಚೀಲದಲ್ಲಿ ಎರಡು ಮರದ ಕಡ್ಡಿಗಳು ಚೀಲದ ಭಾರವನ್ನು ಟೊಂಕದ ಪಟ್ಟಿಯ ಮೇಲೆ ಇಳಿಸುತ್ತಿದ್ದುವು. ಇಂದಿನ ಚೀಲದ ತತ್ತ್ವವೆಲ್ಲ ಇದರಲ್ಲಿ ಬೀಜರೂಪವಾಗಿದೆ.

ಆಮೇಲಿನ ಮೂರು ಹೆಜ್ಜೆಗಳೂ ಹೊತ್ತು ನೊಂದವರಿಂದಲೇ ಬಂದುವು. ನಾರ್ವೆಯ ಓಲೆ ಬರ್ಗನ್ ಎಂಬವನು ಬೇಟೆಯ ಚೀಲದ ಕಾಟವನ್ನು ತಾಳಲಾರದೆ ಒಂದು ಕೊಂಬೆಯನ್ನು ಬೆನ್ನಿನ ಆಕಾರಕ್ಕೆ ಬಾಗಿಸಿ ಚೀಲಕ್ಕೆ ಕಟ್ಟಿದನೆಂದು ವೃತ್ತಾಂತ. ೧೯೦೯ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಅಮೆರಿಕದ ಲಾಯ್ಡ್ ನೆಲ್ಸನ್ ಎಂಬವನು ೧೯೨೦ರ ಸುಮಾರಿನಲ್ಲಿ ಅಲಾಸ್ಕದಲ್ಲಿ ಸಂಚರಿಸುವಾಗ ಅಲ್ಲಿಯ ಮೂಲನಿವಾಸಿಗಳದೊಂದು ಬೆನ್ನುಹೊರೆಯನ್ನು ಎರವಲು ಪಡೆದು ಹೊತ್ತನು. ಕಡ್ಡಿಗಳ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಮಾಡಿದ ಆ ಹೊರೆಯನ್ನು ನೋಡಿಯೇ ಅವನು ತನ್ನ ಮರದ ಚೌಕಟ್ಟಿನ ಚೀಲವನ್ನು ರಚಿಸಿದುದು. ೧೯೨೪ರ ಹಕ್ಕುಪತ್ರದಲ್ಲಿರುವುದು ನೆಲ್ಸನನ ಹೆಸರು; ಎರವಲು ಕೊಟ್ಟವನ ಹೆಸರನ್ನು ಯಾರೂ ಉಳಿಸಲಿಲ್ಲ. ಮೂರನೆಯವನು ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ. ಬೆಟ್ಟವನ್ನೇರುವಾಗ ಚೌಕಟ್ಟಿನ ಕೆಳತುದಿಗಳನ್ನು ಷರಾಯಿಯ ಹಿಂಜೇಬುಗಳಿಗೆ ಸಿಕ್ಕಿಸಿಕೊಂಡಾಗ ಹೆಗಲ ಭಾರ ತಟ್ಟನೆ ಇಳಿದುದನ್ನು ಅವನು ಅನುಭವದಿಂದ ಕಂಡನು. ೧೯೫೨ರಿಂದ ಅವನೂ ಅವನ ಹೆಂಡತಿ ನೀನಾಳೂ ಮನೆಯಲ್ಲಿಯೇ ಅಲ್ಯೂಮಿನಿಯಂ ಚೌಕಟ್ಟನ್ನು ಬೆಸೆದು, ನೈಲಾನ್ ಚೀಲವನ್ನು ಹೊಲಿದು, ಟೊಂಕದ ಪಟ್ಟಿಯನ್ನು ಸೇರಿಸಿ ಮಾರಿದರು. ಮೊದಲ ವರ್ಷ ಮಾರಾಟವಾದುವು ೨೯ ಎಂದು ಹೇಳುತ್ತಾರೆ. ೧೯೬೩ರಲ್ಲಿ ಎವರೆಸ್ಟಿಗೆ ಹೋದ ಅಮೆರಿಕದ ತಂಡವು ಕೆಲ್ಟಿಯ ಚೀಲಗಳನ್ನೇ ಹೊತ್ತಿತು. ೧೯೬೭ರಲ್ಲಿ ಗ್ರೆಗ್ ಲೋ ಎಂಬವನು ಚೌಕಟ್ಟನ್ನು ಚೀಲದ ಒಳಕ್ಕೆ ಸೇರಿಸಿ, ಅದು ಏರುವವನ ಮೈಗೆ ಅಂಟಿಕೊಂಡಿರುವಂತೆ ಮಾಡಿದನು.

೫. ಒಪ್ಪುವ ಲಕ್ಷಣ

ಚೀಲವು ಮೈಗೆ ಒಪ್ಪುವುದೆಂದರೇನೆಂಬುದನ್ನು ಈಗ ಲಕ್ಷಣಪೂರ್ವಕವಾಗಿ ಹೇಳಬಹುದು. ಮನುಷ್ಯನ ನಡುವಿನ ಎರಡು ಕಡೆಯಲ್ಲಿಯೂ ವೈದ್ಯಗ್ರಂಥಗಳಲ್ಲಿ ಶ್ರೋಣಿಫಲಕವೆಂದು ಕರೆದಿರುವ ಅಗಲವಾದ ಎಲುಬುಂಟು. ಅದರ ಮೇಲಂಚೇ ಟೊಂಕದ ಪಟ್ಟಿಗೆ ಪೀಠ. ಪಟ್ಟಿಯು ಅದಕ್ಕಿಂತ ಮೇಲೆ ನಿಂತರೆ ಹೊಟ್ಟೆಯನ್ನು ಬಿಗಿಯುತ್ತದೆ. ಕೆಳಗೆ ಜಾರಿದರೆ ತೊಡೆಯ ಚಲನೆಯನ್ನು ತಡೆಯುತ್ತದೆ. ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಎಲುಬಿನಿಂದ ಈ ಎರಡು ಮೇಲಂಚುಗಳನ್ನು ಕೂಡಿಸುವ ರೇಖೆಯವರೆಗಿರುವ ಅಂತರವೇ ಚೀಲದ ಅಳತೆಗೆ ಪ್ರಮಾಣ. ಆಳಿನ ಎತ್ತರವು ಪ್ರಮಾಣವಲ್ಲ. ಸಮಾನ ಎತ್ತರದವರಲ್ಲಿಯೂ ಬೆನ್ನಿನ ಉದ್ದ ಬೇರೆ ಬೇರೆಯಾಗಿರುತ್ತದೆ.

ಕಟ್ಟಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಮೊದಲು ಟೊಂಕದ ಪಟ್ಟಿ, ಆಮೇಲೆ ಹೆಗಲ ಪಟ್ಟಿ, ತರುವಾಯ ಹೆಗಲ ಮೇಲಿನಿಂದ ಚೌಕಟ್ಟಿನ ತಲೆಗೆ ಓರೆಯಾಗಿ ಹೋಗುವ ಕಿರುಪಟ್ಟಿ, ಕೊನೆಗೆ ಎದೆಯ ಪಟ್ಟಿ. ಓರೆಪಟ್ಟಿಯು ಸುಮಾರು ೪೫ ಅಂಶಗಳ ಕೋನದಲ್ಲಿದ್ದು ಚೀಲದ ತಲೆಯನ್ನು ಮೈಯ ಕಡೆಗೆ ಎಳೆಯಬೇಕು. ಭಾರವಾದ ವಸ್ತುಗಳು ಬೆನ್ನೆಲುಬಿಗೆ ಹತ್ತಿರವಾಗಿ ನಡುಮಟ್ಟದಲ್ಲಿರಬೇಕು. ಅವು ಹಿಂದಕ್ಕೆ ಸರಿದಷ್ಟೂ ಹೊರುವವನು ಸಮತೂಕಕ್ಕಾಗಿ ಮುಂದಕ್ಕೆ ಬಾಗಬೇಕಾಗುತ್ತದೆ. ತೂಕವು ಹೆಚ್ಚದಿದ್ದರೂ ಶ್ರಮ ಹೆಚ್ಚುತ್ತದೆ. ಈ ನಿಯಮಗಳನ್ನು ಮೀರಿದರೆ ಆಗುವುದು ನೋವು ಮಾತ್ರವಲ್ಲ. ಕತ್ತಿನಿಂದ ಕೈಗೆ ಹೋಗುವ ನರಗಳ ಗುಂಪನ್ನು ಹೆಗಲ ಪಟ್ಟಿಯು ಒತ್ತಿ, ತೋಳು ಸೋತುಬೀಳುವ ವ್ಯಾಧಿಯು ಸೈನಿಕರಲ್ಲಿ ಕಂಡುಬಂದಿದೆ. ಚೌಕಟ್ಟು, ಟೊಂಕದ ಪಟ್ಟಿಗಳುಳ್ಳವರಲ್ಲಿ ಅದು ಕಡಮೆ.

ಆದರೂ ಅತಿವ್ಯಾಪ್ತಿದೋಷಕ್ಕೆ ಎಡೆಗೊಡಬಾರದು. ಟೊಂಕದ ಪಟ್ಟಿಯಿದ್ದರೆ ಭಾರವೆಲ್ಲವೂ ಟೊಂಕಕ್ಕೇ ಇಳಿಯುತ್ತದೆಂದು ಅನೇಕರು ಹೇಳುವುದುಂಟು. ೨೦೦೪ರಲ್ಲಿ ಲಾಫಿಯಾಂಡ್ರ ಮತ್ತು ಹಾರ್ಮನ್ ಎಂಬವರು ಚೌಕಟ್ಟಿನ ಚೀಲವೊಂದನ್ನು ಹೊರಿಸಿ ಅಳೆದಾಗ ಕೆಳಬೆನ್ನಿಗೂ ಟೊಂಕಕ್ಕೂ ಇಳಿದುದು ಸುಮಾರು ನೂರಕ್ಕೆ ೩೦ ಭಾಗ ಮಾತ್ರ. ಉಳಿದುದು ಹೆಗಲು ಮತ್ತು ಮೇಲ್ಬೆನ್ನಿನ ಮೇಲೆಯೇ ಇತ್ತು. ಎಂದರೆ ೨೦ ಕಿಲೋಗ್ರಾಮುಗಳ ಹೊರೆಯಲ್ಲಿ ಟೊಂಕದ ಪಾಲು ಸುಮಾರು ೬. ಆ ಆರರಿಂದಲೇ ಹೆಗಲಿಗೆ ಬಹಳ ಬಿಡುವು ದೊರೆಯುತ್ತದೆಂಬುದು ನಿಜ. ಆದರೆ ಹೆಗಲಿಗೆ ಸಂಪೂರ್ಣವಾದ ಮುಕ್ತಿಯಿಲ್ಲ.

೬. ಲಾಘವಪಕ್ಷ

ಇಷ್ಟರಲ್ಲಿ ಇನ್ನೊಂದು ಪಕ್ಷವು ತಲೆಯೆತ್ತಿತು. ಹೊರೆಯನ್ನೇ ಕಡಮೆಮಾಡಿದರೆ ಚೌಕಟ್ಟೇಕೆ, ಟೊಂಕದ ಪಟ್ಟಿಯೇಕೆ ಎಂಬುದು ಅವರ ವಾದ. ೧೯೫೫ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ ೬೭ ವರ್ಷದ ಮುದುಕಿ, ಹನ್ನೊಂದು ಮಕ್ಕಳ ತಾಯಿ, ತಾನೇ ಹೊಲಿದ ಒಂದು ಬಟ್ಟೆಯ ಚೀಲವನ್ನು ಒಂದು ಹೆಗಲಿಗೆ ಹಾಕಿಕೊಂಡು ಅಪಲೇಷಿಯನ್ ಬೆಟ್ಟಗಳ ೨,೦೦೦ಕ್ಕೂ ಹೆಚ್ಚು ಮೈಲಿಗಳ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಈ ಪಕ್ಷಕ್ಕೆ ಶಾಸ್ತ್ರವನ್ನು ಕಟ್ಟಿಕೊಟ್ಟವನು ರೇ ಜಾರ್ಡಿನ್. ೧೯೯೨ರಲ್ಲಿಯೂ ೧೯೯೯ರಲ್ಲಿಯೂ ಪ್ರಕಟವಾದ ತನ್ನ ಗ್ರಂಥಗಳಲ್ಲಿ ಅವನು ಚೌಕಟ್ಟಿಲ್ಲದ, ಮನೆಯಲ್ಲಿಯೇ ಹೊಲಿದ ಚೀಲವನ್ನು ಸಮರ್ಥಿಸಿದನು. ಅನೇಕರು ಅವನನ್ನು ಅನುಸರಿಸಿದರು.

ಲಾಘವವು ಗುಣವೆಂಬುದರಲ್ಲಿ ವಿವಾದವಿಲ್ಲ. ಅರ್ಧಮಾತ್ರೆಯ ಲಾಘವವನ್ನೂ ಸಂಭ್ರಮದಿಂದ ಕಾಣುವ ವೈಯಾಕರಣರ ವಂಶದವರು ನಾವು. ಆದರೆ ದಾರಿಯಲ್ಲಿ ನೀರಿಲ್ಲದ ಮರುಭೂಮಿ ಬರುತ್ತದೆ. ಹತ್ತು ದಿನದ ಬುತ್ತಿಯನ್ನು ಒಟ್ಟಿಗೆ ಹೊರಬೇಕಾದ ಎಡೆ ಬರುತ್ತದೆ. ಆಗ ಹಗುರವಾದ ಚೀಲಕ್ಕೆ ಭಾರವಾದ ಹೊರೆ ಒದಗುತ್ತದೆ. ಚೌಕಟ್ಟಿಲ್ಲದ ಚೀಲವು ತೂಕ ಹೆಚ್ಚಿದೊಡನೆ ತನ್ನಲ್ಲಿಯೇ ಕುಸಿಯುತ್ತದೆ. ಕುಸಿದರೆ ಹೆಗಲಿಗೂ ಟೊಂಕಕ್ಕೂ ನಡುವಣ ಅಳತೆ ಕುಗ್ಗುತ್ತದೆ. ಪಟ್ಟಿಯನ್ನು ಎಷ್ಟು ಬಿಗಿದರೂ ಭಾರವು ಹೆಗಲನ್ನೇ ಜಗ್ಗುತ್ತದೆ. ಮಲಗುವ ಚಾಪೆಯನ್ನು ಸುರುಳಿಮಾಡಿ ಚೀಲದೊಳಗೆ ನಿಲ್ಲಿಸಿ ಅದನ್ನೇ ಚೌಕಟ್ಟಾಗಿ ಬಳಸಿದವರೂ, ಒಂದೆರಡು ತೆಳುವಾದ ಅಲ್ಯೂಮಿನಿಯಂ ಪಟ್ಟಿಗಳನ್ನು ಬೆನ್ನಿನ ಡೊಂಕಿಗೆ ಬಾಗಿಸಿ ಒಳಗೆ ಸೇರಿಸಿದವರೂ ಈ ದೋಷಕ್ಕೆ ಪರಿಹಾರವನ್ನು ಕಂಡರು. ಹೀಗೆ ಲಾಘವಪಕ್ಷವು ತಾನು ಬಿಟ್ಟ ಚೌಕಟ್ಟನ್ನೇ ಸೂಕ್ಷ್ಮರೂಪದಲ್ಲಿ ಮರಳಿ ಪಡೆಯಿತು. ಸಿಂಬೆಯನ್ನೂ ಅಡ್ಡೆಯನ್ನೂ ಕುರಿತು ಮೇಲೆ ಹೇಳಿದ ನ್ಯಾಯವೇ ಇಲ್ಲಿಯೂ ಗೆದ್ದಿತು.

೭. ಆಕ್ಷೇಪ ಮತ್ತು ಸಮಾಧಾನ

ಇಲ್ಲೊಂದು ಆಕ್ಷೇಪ ಹುಟ್ಟುತ್ತದೆ. ಹೊರೆಗೆ ಟೊಂಕವೇ ಯೋಗ್ಯವಾದ ನೆಲೆಯಾದರೆ ಹಿಮಾಲಯದ ಹೊರೆಯಾಳುಗಳು ಹಣೆಯಿಂದ ಹೊರುವುದೇಕೆ? ನೇಪಾಳದಲ್ಲಿ ಡೋಕೋ ಎಂಬ ಬಿದಿರ ಬುಟ್ಟಿಯನ್ನು ಬೆನ್ನಿಗಿಟ್ಟು, ನಾಮ್ಲೋ ಎಂಬ ಪಟ್ಟಿಯನ್ನು ಬುಟ್ಟಿಯ ಅಡಿಯಿಂದ ತಂದು ತಲೆಯ ಮುಂಭಾಗಕ್ಕೆ ಏರಿಸಿಕೊಳ್ಳುತ್ತಾರೆ. ಬಾಸ್ಟಿಯೆನ್ ಮೊದಲಾದವರು ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ ನಾಮ್ಚೆಯ ಸಂತೆಗೆ ಹೋಗುವ ಗಂಡಸರ ಹೊರೆ ಸರಾಸರಿಯಲ್ಲಿ ಅವರ ಮೈತೂಕದ ನೂರಕ್ಕೆ ೯೩ ಭಾಗ, ಹೆಂಗಸರದು ೬೬ ಭಾಗ. ಅತಿ ದೊಡ್ಡ ಹೊರೆ ೧೮೩ ಭಾಗ. ಚೌಕಟ್ಟಿನ ಚೀಲವನ್ನು ಹೊತ್ತ ಪಾಶ್ಚಾತ್ಯರಿಗಿಂತ ಇವರು ಕಡಮೆ ಶಕ್ತಿಯಿಂದ ಹೆಚ್ಚು ಭಾರವನ್ನು ಸಾಗಿಸುತ್ತಾರೆಂಬುದು ಅಲ್ಲಿಯ ನಿರ್ಣಯ.

ಇದಕ್ಕೆ ಸಮಾಧಾನವೇನೆಂದರೆ, ನಮ್ಮ ಸಿದ್ಧಾಂತವು ಟೊಂಕವೇ ನೆಲೆಯೆಂಬುದಲ್ಲ. ಎಲುಬಿನ ನೇರಕ್ಕೆ ಭಾರವನ್ನು ತರುವುದೇ ಮುಖ್ಯವೆಂಬುದು. ಹಣೆಪಟ್ಟಿಯು ಭಾರವನ್ನು ಬೆನ್ನೆಲುಬಿನ ಉದ್ದಕ್ಕೂ ಇಳಿಸುತ್ತದೆ. ಟೊಂಕದ ಪಟ್ಟಿಯು ಬೆನ್ನೆಲುಬನ್ನು ಬಿಟ್ಟು ನೇರವಾಗಿ ಕಾಲುಗಳ ಮೇಲಕ್ಕೆ ಕಳುಹಿಸುತ್ತದೆ. ಹೆಗಲನ್ನು ಉಳಿಸುವುದರಲ್ಲಿ ಎರಡೂ ಒಂದೇ. ಮೊದಲನೆಯದಕ್ಕೆ ಬಾಲ್ಯದಿಂದ ಗಟ್ಟಿಯಾದ ಕತ್ತು ಬೇಕು. ಎರಡನೆಯದು ಅಭ್ಯಾಸವಿಲ್ಲದವನಿಗೂ ಒದಗುತ್ತದೆ. ಇದಲ್ಲದೆ ಆ ಹೊರೆಯಾಳುಗಳು ಮೆಲ್ಲನೆ ನಡೆಯುತ್ತಾರೆ, ಪದೇ ಪದೇ ನಿಲ್ಲುತ್ತಾರೆ. ನಿಂತಾಗ ಟೋಕ್ಮಾ ಎಂಬ ಗಿಡ್ಡ ಕೋಲನ್ನು ಬುಟ್ಟಿಯ ಅಡಿಗೆ ಆನಿಸಿ ಹೊರೆಯನ್ನು ಇಳಿಸದೆಯೇ ದಣಿವಾರಿಸಿಕೊಳ್ಳುತ್ತಾರೆ. ದಾರಿಯ ಬದಿಯಲ್ಲಿ ಅವರಿಗಾಗಿ ಅರಳಿ ಆಲಗಳ ನೆರಳಿನ ಚೌತಾರಿಗಳಿವೆ. ನಮ್ಮ ಹಳೆಯ ದಾರಿಗಳ ಹೊರೆಗಲ್ಲುಗಳೂ, ತಮಿಳರ ಸುಮೈತಾಂಗಿಯೂ, ಕೇರಳದ ಅತ್ತಾಣಿಯೂ ಇದೇ ಜಾತಿಯವು. ಬಗ್ಗದೆ, ಇನ್ನೊಬ್ಬರ ಕೈಯನ್ನು ಬೇಡದೆ, ಹೊರೆಯನ್ನು ಇಳಿಸಿ ಮತ್ತೆ ಏರಿಸಿಕೊಳ್ಳುವಷ್ಟು ಎತ್ತರಕ್ಕೆ ಅವುಗಳನ್ನು ನಿಲ್ಲಿಸಿದವರು ಹೊರುವವನ ಕಷ್ಟವನ್ನು ತಿಳಿದವರಾಗಿರಬೇಕು.

೮. ಉಪಸಂಹಾರ

ಈ ವೃತ್ತಾಂತದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೇರುವವನು ಬೇರೆ, ಹೊರುವವನು ಬೇರೆ ಆಗಿರುವ ಎಡೆಯಲ್ಲಿ ಲೆಕ್ಕಕ್ಕೆ ಬರುವುದು ತೂಕವೊಂದೇ. ಇಬ್ಬರೂ ಒಬ್ಬನೇ ಆಗಿರುವ ಎಡೆಯಲ್ಲಿ, ಅಥವಾ ಪಾರ್ಕ್ಸನಂತೆ ಹೇರುವವರ ಕಡೆಯವನೊಬ್ಬನು ಹೊರುವವನ ಮಾತನ್ನು ಕೇಳಿದಲ್ಲಿ, ನೆಲೆಯ ವಿಚಾರವು ಮೇಲೆ ಬರುತ್ತದೆ. ೧೯೬೭ರ ಅಂತಾರಾಷ್ಟ್ರೀಯ ಶಿಫಾರಸು ದುಡಿಯುವ ಗಂಡಸಿನ ಹೊರೆಗೆ ೫೫ ಕಿಲೋಗ್ರಾಮುಗಳ ಎಲ್ಲೆಯನ್ನು ಹಾಕಿದುದು ದೊಡ್ಡ ಉಪಕಾರ. ಆದರೆ ಬೆಟ್ಟದ ವಿಲಾಸಕ್ಕಾಗಿ ಹದಿನೈದು ಕಿಲೋಗ್ರಾಮು ಹೊರುವವನಿಗೆ ದೊರೆತಿರುವ ಪಟ್ಟಿಯೂ ಚೌಕಟ್ಟೂ ಹೊಟ್ಟೆಗಾಗಿ ಐವತ್ತು ಹೊರುವವನಿಗೆ ಇನ್ನೂ ದೊರೆತಿಲ್ಲ.

ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಉಪಾಧ್ಯಾಯರಾದುದರಿಂದ ಒಂದು ಮಾತನ್ನು ವಿಜ್ಞಾಪಿಸುತ್ತೇವೆ. ಮಕ್ಕಳ ಪುಸ್ತಕದ ಚೀಲವು ಮೈತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ಕರ್ನಾಟಕ ಸರ್ಕಾರವು ೨೦೧೯ರಲ್ಲಿ ಸುತ್ತೋಲೆ ಹೊರಡಿಸಿತು. ಮೊದಲೆರಡು ತರಗತಿಗಳಿಗೆ ೧.೫ರಿಂದ ೨ ಕಿಲೋಗ್ರಾಮು, ಒಂಬತ್ತು ಹತ್ತನೆಯ ತರಗತಿಗಳಿಗೆ ೪ರಿಂದ ೫. ಇದು ತೂಕದ ನಿಯಮ. ಚೀಲವು ಒಂದೇ ಹೆಗಲಿನಿಂದ ತೂಗುತ್ತಿದೆಯೇ, ಪಟ್ಟಿ ಸಡಿಲವಾಗಿ ಪೃಷ್ಠದ ಕೆಳಗೆ ಬಡಿಯುತ್ತಿದೆಯೇ, ದಪ್ಪ ಪುಸ್ತಕಗಳು ಬೆನ್ನಿನ ಕಡೆಗಿವೆಯೇ ಎಂಬುದು ನೆಲೆಯ ನಿಯಮ. ಅದನ್ನು ಸುತ್ತೋಲೆ ನೋಡಲಾರದು; ತರಗತಿಯ ಬಾಗಿಲಲ್ಲಿ ನಿಂತವರು ನೋಡಬಲ್ಲರು. ಮಗುವನ್ನು ಎಲ್ಲಿ ನೋಯುತ್ತದೆಂದು ಕೇಳಿದರೆ ಅದು ಸರಿಯಾಗಿಯೇ ಹೇಳುತ್ತದೆ. ಸುಶ್ರುತದ ದೃಷ್ಟಾಂತವನ್ನು ನಾವು ಇನ್ನೂ ಪಾಠ ಹೇಳುತ್ತಲೇ ಇದ್ದೇವೆ. ಗಂಧವನ್ನು ಕುರಿತು ಹೊತ್ತವರಿಗೆ ನಾವು ಹೇಳಿಕೊಡಬಹುದು. ಭಾರವನ್ನು ಕುರಿತು ಅವರಿಂದ ನಾವು ಕಲಿಯತಕ್ಕುದಿದೆ.